ಮಂಜುಳಾಗೆ ಬೇಕಾಗಿದ್ದ ಜಗಳ

“ಪುಂಡಲೀಕನ ಮನಿಯಾಗ ಜಗಳ ಶುರುವಾಗ್ಲಿಲ್ಲಂದ್ರ ನಮ್ಮನಿ ಚಾ ಕುದಿಯಂಗಿಲ್ರೀ” ಎಂದು ಮೊರಬದ ನಮ್ಮ ಓಣಿಯಲ್ಲಿ ಬಾಜು ಮನೆಯ ಮಾಬುಬಿ ಹೇಳುತ್ತಿದ್ದಳು. ಪುಂಡಲೀಕ ಅಂದರೆ ನಾನೇ. ವಿರೋಧ ಪಕ್ಷದ ನಾಯಕಿ ನನ್ನ ಹೆಂಡತಿ ರಾಜೇಶ್ವರಿ. (ಆಡಳಿತ ಪಕ್ಷವೂ ಅವಳೇ.)

ಇಂಥ ಸಮೃದ್ಧ ಸಂಸಾರಕ್ಕೆ ಬಂದು ಇದ್ದವಳು ಅವಳ ತಂಗಿ, ತವರೂರು ತಂಬೂರಿನ ಮಂಜುಳಾ. ನಮ್ಮಲ್ಲಿದ್ದು ನವಲಗುಂದದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಸಂಜೆ ಶೇಂಗಾ ಒಡೆಯುತ್ತ ಪಾಠ ಹೇಳುವಳು: ಗಂಟೆ ಕೇಳಿದರೆ ನಾಯಿಗೆ ಜೊಲ್ಲು ಸುರಿಯುತ್ತದಂತೆ. “ಅದರಾಗೇನೈತಿ? ರೊಟ್ಟಿ ಬಡಿಯೂ ಸಪ್ಪಳಕ್ಕ ನನಗೂ ಸುರೀತೈತಿ” ಅಂದರೆ ಅಕ್ಕತಂಗಿಯರು ಬಿದ್ದುಬಿದ್ದು ನಗುವರು. ಎಂಥ ಸಂಜೆಗಳವು!

ಕೊನೆಯ ವರ್ಷ ಒಂದು ದಿನ ಅಂದಳು: “ಮಾಮಾ, ಅಧ್ಯಯನ ಮಾಡಿ ವರದಿ ಕೊಡಬೇಕಾಗೇತಿ, ಇಲ್ಲಂದ್ರ ನಪಾಸು. ಗಂಡ-ಹೆಂಡತಿ ಜಗಳಾನ ಆರಿಸ್ಕೊಂಡೇನಿ. ನೀವು ಎಂದಿನಂಗ ಇರ್ರಿ, ನಾ ಬರೇ ನೋಡ್ತೀನಿ. ಇದಕ್ಕ ಸಹಜ ವೀಕ್ಷಣೆ ಅಂತಾರ.”

ನನ್ನ ಎದೆ ಉಬ್ಬಿತು. ನಮ್ಮ ಜಗಳ ವಿಶ್ವವಿದ್ಯಾಲಯ ಮುಟ್ಟುವುದೆಂದರೆ!

ಮರುದಿನ ಅವಳು ಮೊರದ ತುಂಬ ಜೋಳ ಹಾಕಿಕೊಂಡು, ಹರಳು ಆರಿಸುವ ನೆಪದಲ್ಲಿ ಪಡಸಾಲೆಯಲ್ಲಿ ಕೂತಳು. ಅಲ್ಲಿಗೆ ಶುರುವಾಯಿತು ಅನಾಹುತ.

“ರಾಜೇಶ್ವರಿ, ಚಾ ನಾನ ಸೋಸಲೇನು?” ಈ ಮಾತು ನನ್ನ ಬಾಯಿಂದಲೇ ಬಂತು.

“ಬ್ಯಾಡ್ರಿ, ನೀವು ದಣದೀರಿ.” (ನಾನಿನ್ನೂ ಹಾಸಿಗೆಯಿಂದಲೇ ಎದ್ದಿರಲಿಲ್ಲ.)

ಉಪ್ಪಿಲ್ಲದ ಸಾರನ್ನು ಹೊಗಳಿ ಉಂಡೆ. ನಾನು ಒಳಗೆ ತುಳಿದು ತಂದ ಎರಿ ಮಣ್ಣಿನ ಕೆಸರನ್ನು ಅವಳು ನಗುತ್ತ ಒರೆಸಿದಳು. ಮಾಬುಬಿ ಗೋಡೆಯ ಮೇಲಿಂದ ಇಣುಕಿ, “ಯಾರಿಗರ ಆರಾಮಿಲ್ಲೇನ್ರೀ?” ಎಂದು ಗಾಬರಿಯಿಂದ ಕೇಳಿದಳು.

ಮಂಜುಳಾಳ ಮುಖ ಬಾಡುತ್ತ ಬಂತು. “ಅಕ್ಕಾ, ಕೈ ಮುಗೀತೀನಿ, ಜಗಳಾಡ್ರಿ! ನನ್ನ ಪದವಿ ಹೊಂಟೈತಿ!”

ಆಡಿದೆವು. “ಲೇ ರಾಜಿ, ನಿಮ್ಮ ತವರಮನಿಯವ್ರು...” ಎಂದು ಗರ್ಜಿಸಿ ಮುಂದಿನದು ಮರೆತೆ. ರಾಜೇಶ್ವರಿಯೇ ಮೆಲ್ಲಗೆ ನೆನಪಿಸಿದಳು.

“ನಾಟಕ ನಡಿಯಂಗಿಲ್ಲ” ಎಂದು ಮಂಜುಳಾ ಮೊರ ಎತ್ತಿಕೊಂಡು ಒಳಗೆ ಹೋದಳು.

ವರದಿ ಕೊಡುವ ದಿನ ಬಂದುಹೋಯಿತು. ಪರೀಕ್ಷೆ ಮುಗಿಯಿತು. ಹುಡುಗಿ ಕಾಯಂ ಆಗಿ ತಂಬೂರಿಗೆ ಹೊರಟಳು. ನಮ್ಮ ಸೌಜನ್ಯಕ್ಕೆ ಅವಳ ಪದವಿ ಬಲಿಯಾಯಿತೇನೋ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ರಾಜೇಶ್ವರಿ ಅವಳಿಗೆ ಬುತ್ತಿ ಕಟ್ಟುತ್ತಿದ್ದಳು.

“ಕಟಕರೊಟ್ಟಿ ಅರಿವ್ಯಾಗ ಕಟ್ಟತಾರೇನು? ಬಸ್ಸಿನ್ಯಾಗ ಪುಡಿ ಆಗ್ತಾವು. ಡಬ್ಬ್ಯಾಗ ಹಾಕು!” ಅಂದೆ.

“ಡಬ್ಬಿ ಮುಚ್ಚಳ ಕಳದಾವ್ರು ಯಾರ್ರೀ?”

“ಕಳದ್ರ ಏನಾತು? ಅದೇನು ನಿಮ್ಮ ತವರಮನೀದೇನು?”

“ಹೌದು, ನಮ್ಮ ತವರಮನೀದ!”

ಓಣಿ ಗುಡುಗಿತು. ಗೋಡೆಯಾಚೆ ಮಾಬುಬಿ, “ಯಾ ಅಲ್ಲಾ, ಚೇತರಿಸ್ಕೊಂಡ್ರು!” ಎಂದಳು.

ನನಗೆ ತಟ್ಟನೆ ಹೊಳೆಯಿತು. “ಮಂಜುಳಾ, ನೋಡ್ಕೊ! ಇದು ಅಸಲಿ! ಈಗ ಕೊಟ್ರ ನಡೀತೈತೇನು?”

“ವರದಿ ಕೊಟ್ಟು ಭಾಳ ದಿನ ಆತು ಮಾಮಾ. ವಿಷಯ ಬದಲಿಸಿದೆ. ಯಾರರ ನೋಡಾಕತ್ತಾರಂದ್ರ ಮನುಷ್ಯಾ ಹೆಂಗ ಬದಲಾಗ್ತಾನ ಅಂತ. ಮೇಡಮ್ಮು ಇಡೀ ಕ್ಲಾಸಿಗೆ ಓದಿ ಹೇಳಿದ್ರು.”

“ಏನಂತ?”

“ಯಾರೂ ನೋಡಲಿಲ್ಲಂದ್ರ ಮಾಮಾ ಕುಡಿದ ಕಪ್ಪೂ ಎತ್ತಂಗಿಲ್ಲ. ನೋಡಿದ್ರ ಚಾ ಸೋಸಾಕ ಓಡ್ತಾನ.”

ರಾಜೇಶ್ವರಿ ಸಾವಕಾಶ ನನ್ನ ಕಡೆ ತಿರುಗಿದಳು. “ಅಂದ್ರ ಇಷ್ಟು ವರ್ಷ ನಿಮಗ ಚಾ ಸೋಸಾಕ ಬರ್ತಿತ್ತು!”

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ನನ್ನ ವಿಚಾರಣೆ ಜೋರಾಗಿ ನಡೆದಿರುವಾಗಲೇ ಮಂಜುಳಾ ಚೀಲ ಹೆಗಲಿಗೇರಿಸಿ, ವೇಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ಕಡೆಯ ಸಲ ನಮ್ಮ ಹೊಸ್ತಿಲು ದಾಟಿದಳು. ತಿರುಗಿ ಮಾತ್ರ ನೋಡಲಿಲ್ಲ. ನೋಡಿದರೆ ನಾವು ಸುಮ್ಮನಾಗಿಬಿಡುತ್ತೇವೆಂದು ಓದಿದ ಹುಡುಗಿಗೆ ಗೊತ್ತಿತ್ತು.