ಶೇಕಡಾವಾರು ಪ್ರಗತಿ

ಎಲ್ಲ ಗೋಳಿಗೂ ಕಾರಣ ವಾರ್ಷಿಕ ವರದಿ ನಮೂನೆಯ ನಾಲ್ಕನೇ ಕಾಲಂ: 'ಗುರಿಯತ್ತ ಆಗಿರುವ ಪ್ರಗತಿ ಶೇಕಡಾ ಎಷ್ಟು?' ಗಣಿತ ವಿಭಾಗದ ಏಳನೇ ವರ್ಷದ ಸಂಶೋಧಕ ಅದರ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಹತ್ತಕ್ಕೆ ಪ್ರಾಮಾಣಿಕವಾಗಿ 'ಮೂವತ್ತು' ಎಂದು ಬರೆದ. ಮನುಷ್ಯ ಹಾಳಾಗುವುದಕ್ಕೆ ಅಷ್ಟು ಸಾಕು.

ವಯಸ್ಸು ಮೂವತ್ನಾಲ್ಕಾದರೂ ಕಿರಿಯರು ಅವನನ್ನು 'ತಾತ' ಎನ್ನುತ್ತಿದ್ದರು. ಅಂದು ಮೂರು ಗಂಟೆಗೆ ಮೌಲ್ಯಮಾಪನ ಸಮಿತಿ ಸೇರಿ ಅವನಿಗೆ ಇನ್ನೊಂದು ವರ್ಷ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲಿತ್ತು. ಕೊಡದಿದ್ದರೆ ಪಿಎಚ್.ಡಿ. ನೋಂದಣಿ ರದ್ದು, ಏಳು ವರ್ಷದ ಕೆಲಸ ನೀರುಪಾಲು.

ಕಚೇರಿಯ ಮೇಡಂ ನಮೂನೆ ನೋಡಿ ಕನ್ನಡಕ ಸರಿಸಿದರು. "ಇದೇನ್ರೀ? ಹೋದ ವರ್ಷ ಎಂಬತ್ತು ಅಂತ ಬರ್ದಿದ್ರಿ!"

"ಹೌದು ಮೇಡಂ. ಆಮೇಲೆ ನನ್ನ ಪ್ರಮೇಯದ ಸಾಧನೆಯಲ್ಲಿ ತಪ್ಪು ಸಿಕ್ತು. ಮೂರನೇ ಹಂತವೇ ಕುಸಿದುಬಿತ್ತು."

"ಯಾರು ಕಂಡುಹಿಡಿದ್ರು?"

"ನಾನೇ."

"ನೀವೇ ಕಂಡುಹಿಡಿದು ನೀವೇ ಬಂದು ಹೇಳ್ತಿದ್ದೀರಾ?" ಮೇಡಂ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. "ಮನೆ ಕಟ್ಟೋರು ಹೋದ ವರ್ಷ ಮೂರು ಮಹಡಿ, ಈ ವರ್ಷ ಒಂದು ಅಂತ ಬರೀತಾರಾ? ಹೋಗಿ, ಎಂಬತ್ತೈದು ಮಾಡ್ಕೊಂಡು ಬನ್ನಿ."

ಹಾಗೆ ಬರೆಯಲು ಅವನಿಗೆ ಕೈ ಬರಲಿಲ್ಲ. ಸಂಶೋಧಕರ ಕೋಣೆಯಲ್ಲಿ ಸಲಹೆಗೇನೂ ಬರವಿರಲಿಲ್ಲ. "ತೊಂಬತ್ತು ಹಾಕಿ ತಾತ, ಅವರು ಚೌಕಾಸಿ ಮಾಡೇ ಮಾಡ್ತಾರೆ" ಎಂದಳು ಪಕ್ಕದ ಮೇಜಿನವಳು. ಕಿಟಕಿಯ ಬಳಿಯವನು ತಲೆಯೆತ್ತದೆ ಹೇಳಿದ, "ಎಂಬತ್ತಮೂರು ಪಾಯಿಂಟ್ ನಾಲ್ಕು ಹಾಕಿ. ದಶಮಾಂಶ ಕಂಡ್ರೆ ಜನ ನಂಬ್ತಾರೆ."

ಮಧ್ಯಾಹ್ನ ಅವನು ತನ್ನ ಮಾರ್ಗದರ್ಶಕರ ಬಾಗಿಲು ತಟ್ಟಿದ. ಅವರು ಊಟದ ಡಬ್ಬಿ ಮುಚ್ಚಿ ನಮೂನೆಯನ್ನು ಎರಡು ಸಲ ಓದಿದರು.

"ಸಂಖ್ಯೆ ಬಿಡಪ್ಪ, ಗುರಿ ಬದಲಾಯಿಸು. 'ಈ ಹೇಳಿಕೆ ನಿಜವೆಂದು ಸಾಧಿಸುವುದು' ಅಂತಿದೆ. 'ಈ ಹೇಳಿಕೆ ನಿಜವೋ ಸುಳ್ಳೋ ತಿಳಿಯುವುದು' ಅಂತ ಮಾಡು. ಆಗ ತಪ್ಪು ಸಿಕ್ಕಿದ್ದೂ ಪ್ರಗತಿನೇ! ಎಂಬತ್ತೈದು ತಾನಾಗೇ ಬರುತ್ತೆ."

ಅವನು ಆ ವಾಕ್ಯವನ್ನು ಎಲ್ಲ ದಿಕ್ಕಿನಿಂದಲೂ ಪರೀಕ್ಷಿಸಿದ. ಸುಳ್ಳೆಂಬುದು ಎಲ್ಲೂ ಇರಲಿಲ್ಲ; ಹಾಗೆಯೇ ತಿದ್ದಿ ಬರೆದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ಹಸಿವಾಯಿತು.

ಸಮಿತಿಯಲ್ಲಿ ಅಧ್ಯಕ್ಷೆ, ಮಾರ್ಗದರ್ಶಕರು, ಜೊತೆಗೆ ಹೊರಗಿನಿಂದ ಬಂದಿದ್ದ ನಿವೃತ್ತ ಪ್ರಾಧ್ಯಾಪಕರು. ನಿವೃತ್ತರು ಕಣ್ಣು ಮುಚ್ಚಿದ್ದರು. "ಗುರಿ ಅಂದ್ರೆ ಹೀಗೆ ಸ್ಪಷ್ಟವಾಗಿರ್ಬೇಕು" ಎಂದು ಅಧ್ಯಕ್ಷೆ ಮೆಚ್ಚಿ, ಒಂದು ವರ್ಷ ಕೊಡಲು ಪೆನ್ನು ತೆರೆದರು. ಆಗ ನಿವೃತ್ತರು ಕಣ್ಣು ಬಿಟ್ಟರು.

"ನಿಜವೋ ಸುಳ್ಳೋ ಅಂದ್ಯಲ್ಲ, ಯಾವುದಪ್ಪ ಅದು?"

ಅವನು ವಿನಯದಿಂದ ವಿವರಿಸಿದ. ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಒಂದು ಬಗೆಯ ಜಾಲ. ಗೆರೆ ಕೂಡಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಕೂಡದು. ಇಂಥ ಯಾವ ಜಾಲಕ್ಕೂ ನಾಲ್ಕು ಬಣ್ಣ ಸಾಕು ಎಂಬುದು ಅವನ ಹೇಳಿಕೆ.

ಮುದುಕರು ನಿಧಾನವಾಗಿ ಎದ್ದು ಹಲಗೆಯ ಮೇಲೆ ಹದಿನೇಳು ಬಿಂದು ಇಟ್ಟು ಗೆರೆಗಳನ್ನು ಎಳೆದರು. "ಇದಕ್ಕೆ ನಾಲ್ಕೇ ಬಣ್ಣ ಬಳಿ ನೋಡೋಣ."

ಅವನು ಬಳಿದ. ಅಳಿಸಿ ಮತ್ತೆ ಬಳಿದ. ಪ್ರತಿ ಸಲವೂ ಒಂದು ಬಿಂದು ಬಣ್ಣವಿಲ್ಲದೆ ಉಳಿಯಿತು. ಹಾಗೆ ಉಳಿಯಲೇಬೇಕೆಂಬುದೂ ಅವನಿಗೆ ಹೊಳೆಯಿತು. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ, ತನ್ನ ಏಳು ವರ್ಷ ಮುಗಿಯುತ್ತಿರುವುದನ್ನೂ ಅವನು ಒಂದು ಕ್ಷಣ ಮರೆತ.

"ಸುಳ್ಳು" ಎಂದ ಮೆಲ್ಲಗೆ.

"ಸುಳ್ಳೇ" ಎಂದು ಮುದುಕರು ಕೈ ಕೊಡವಿಕೊಂಡು ಕೂತರು.

ಅಧ್ಯಕ್ಷೆಯ ಮುಖ ಅರಳಿತು. "ಅಂದ್ರೆ ತಿಳೀತಲ್ಲ! ಗುರಿ ನೂರಕ್ಕೆ ನೂರು ಮುಟ್ಟಿದೆ. ಇನ್ನು ಒಂದು ವರ್ಷ ಯಾಕೆ? ಅಭಿನಂದನೆ."

"ಹಾಗಾದ್ರೆ ಮೇಡಂ... ಪದವಿ?"

"ಉತ್ತರ ಕಂಡುಹಿಡಿದೋರು ಈ ಸರ್ ಅಲ್ವಾ? ಪದವಿ ಕೊಡೋದಾದ್ರೆ ಇವರಿಗೇ ಕೊಡ್ಬೇಕು. ಇವರಿಗೆ ಆಗ್ಲೇ ಇದೆ."

ಮಾರ್ಗದರ್ಶಕರು ಹಲಗೆ ನೋಡುತ್ತ ಕೂತರು. ಸಂಶೋಧಕ ಸೀಮೆಸುಣ್ಣ ಕೆಳಗಿಟ್ಟ. ಮುದುಕರು ಎದ್ದು ಬಂದು ಅವನ ಬೆನ್ನು ತಟ್ಟಿ, ಇಡೀ ದಿನದಲ್ಲಿ ಯಾರೂ ಕೇಳದ ಒಂದು ಮಾತು ಕೇಳಿದರು: "ಪ್ರಶ್ನೆ ಬಹಳ ಚೆನ್ನಾಗಿದೆ ಕಣಪ್ಪ. ಇಂಥದ್ದು ಇನ್ನೊಂದು ಇದೆಯಾ?"

ಇತ್ತು. ಅದಕ್ಕೆ ಇನ್ನೂ ಏಳು ವರ್ಷ ಬೇಕಿತ್ತು. ಅವನು ಇಲ್ಲವೆಂದು ತಲೆಯಾಡಿಸಿ, ನೋಂದಣಿ ಮುಗಿಸುವ ಕಾಗದಕ್ಕೆ ತೋರಿಸಿದಲ್ಲಿ ಸಹಿ ಹಾಕಿದ.