ಭಾವನ ಜರಡಿ ಪಾಠ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಮೂತ್ರಪಿಂಡ ನೆನಪಿರುತ್ತದೆ! ಹೆಣ್ಣು ನೋಡಲು ಬಂದ ದಿನ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳದೆ, ಮನೆಯಲ್ಲಿ ಯಾರಿಗೆಲ್ಲ ಸಕ್ಕರೆ ಕಾಯಿಲೆ ಇದೆ ಎಂದು ಕೇಳಿದ ವರ ಇವರೊಬ್ಬರೇ ಇರಬೇಕು. ದೆಹಲಿಯ ಹೌಜ್ ಖಾಸ್ ಹತ್ತಿರದ ಪ್ರಯೋಗಾಲಯವೊಂದರಲ್ಲಿ ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ, ಅವುಗಳ ಕಿಡ್ನಿ ಹೇಗೆ ಕೆಡುತ್ತದೆಂದು ನೋಡುವುದು ಇವರ ಕೆಲಸ. ಉಳಿದವರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವರು ಮೂತ್ರ ಪರೀಕ್ಷೆಯ ಪಟ್ಟಿಗಳ ಡಬ್ಬಿ ಇಟ್ಟುಕೊಳ್ಳುತ್ತಾರೆ.

ಹೋದ ವರ್ಷ ಯುಗಾದಿಗೆ ದೆಹಲಿಯ ಕನ್ನಡಿಗರೆಲ್ಲ ಸೇರಿ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಡಿಸುವವರ ಹಿಂದೆಯೇ ಭಾವ ಪಂಕ್ತಿಯುದ್ದಕ್ಕೂ ಪಟ್ಟಿ ಹಂಚುತ್ತಾ ಬಂದರು! ಇನ್ನೊಂದು ಹೋಳಿಗೆಗೆ ಕೈಯೊಡ್ಡಿದ್ದ ನಿವೃತ್ತ ಜಂಟಿ ಕಾರ್ಯದರ್ಶಿಯೊಬ್ಬರು, ಅಂಗೈಗೆ ಬಿದ್ದದ್ದು ಏನೆಂದು ತಿಳಿದದ್ದೇ ಮಜ್ಜಿಗೆಗೂ ಕಾಯದೆ ಎದ್ದರು. ಅಕ್ಕ ಎರಡು ವಾರ ಯಾರಿಗೂ ಮುಖ ತೋರಿಸಲಿಲ್ಲ. ಭಾವನಿಗೆ ಮಾತ್ರ ಹನ್ನೊಂದು ಪಟ್ಟಿ ಖರ್ಚಾದ ಸಂಭ್ರಮ.

ಆ ಹನ್ನೊಂದರಲ್ಲಿ ಒಂದು ನನ್ನದು. ನನಗೆ ಆರು ವರ್ಷದ ಸಕ್ಕರೆ ಕಾಯಿಲೆ. ಹೋಳಿಗೆಯ ಜೊತೆ ಅದಕ್ಕಿಂತ ಹಳೆಯ ನಂಟು. ಕಾಟ ತಪ್ಪಲೆಂದು ಪರೀಕ್ಷಿಸಿಕೊಂಡೆ. ಪಟ್ಟಿಯ ಬಣ್ಣ ಬದಲಾಯಿತು. ಆಸ್ಪತ್ರೆಯ ವರದಿಯೂ ಅದನ್ನೇ ಹೇಳಿತು: ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ, ಕಿಡ್ನಿ ಕೆಡಲು ಶುರುವಾಗಿದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಭಾವ ಬಂದು ಸಮಾಧಾನ ಹೇಳಿದರೇ? ಎಲ್ಲಿಯದು! ಪಕ್ಕದ ಪಂಜಾಬಿಗಳು ನಾಲ್ಕನೆಯ ಮಹಡಿ ಎಬ್ಬಿಸುತ್ತಿದ್ದ ಜಾಗಕ್ಕೆ ನನ್ನನ್ನು ಎಳೆದುಕೊಂಡು ಹೋದರು. "ಭಯ್ಯಾ, ಏಕ್ ಮಿನಿಟ್" ಎಂದು ಗಾರೆಯವನ ಕೈಯಿಂದ ಮರಳಿನ ಜರಡಿ ಕಸಿದುಕೊಂಡರು.

"ಇದು ನಿನ್ನ ಕಿಡ್ನಿ ಅಂತ ತಿಳ್ಕೋ. ರಕ್ತದಲ್ಲಿ ಸಕ್ಕರೆ ಹೆಚ್ಚಾದ್ರೆ ಅಲ್ಲಿ ಗ್ರೋತ್ ಫ್ಯಾಕ್ಟರ್ ಅನ್ನೋ ಮೇಸ್ತ್ರಿಗಳು ಎದ್ದು ಕೂರ್ತಾರೆ. ಬೆಳೆಸೋದೊಂದೇ ಅವರಿಗೆ ಗೊತ್ತು. ಒಬ್ಬ ಜರಡಿ ಕಣ್ಣು ಅಗಲ ಮಾಡ್ತಾನೆ, ಪ್ರೋಟೀನ್ ಸೋರುತ್ತೆ. ಇನ್ನೊಬ್ಬ ಗಾರೆ ಮೆತ್ತುತ್ತಾನೆ, ಕಣ್ಣೇ ಮುಚ್ಚಿಹೋಗುತ್ತೆ. ಗಾರೆ ಗಟ್ಟಿಯಾದ್ಮೇಲೆ ಕಷ್ಟ. ನಿಂದಿನ್ನೂ ಹಸಿ ಇದೆ."

ಕನ್ನಡದ ಒಂದಕ್ಷರವೂ ಬಾರದ ಗಾರೆಯವನು ಎಲ್ಲವನ್ನೂ ಗಂಭೀರವಾಗಿ ಕೇಳಿ, ತನ್ನ ಜರಡಿಯನ್ನು ತೊಳೆದಿಟ್ಟ.

ಡಾಕ್ಟರು ಮಾತ್ರೆ ಬರೆದರು. ಉಳಿದದ್ದನ್ನೆಲ್ಲ ಭಾವ ವಹಿಸಿಕೊಂಡರು. ಬೆಳಿಗ್ಗೆ ಆರಕ್ಕೆ ಫೋನು: ಇವತ್ತು ಸಕ್ಕರೆ ಎಷ್ಟು, ಬಿ.ಪಿ. ಎಷ್ಟು? ದೀಪಾವಳಿಗೆ ಕಚೇರಿಯಲ್ಲಿ ಕೊಟ್ಟ ಮಿಠಾಯಿ ಡಬ್ಬಿಯನ್ನು ನಮ್ಮ ಸಚಿವಾಲಯದ ಗೇಟಿನಲ್ಲೇ ನಿಂತು ವಶಪಡಿಸಿಕೊಂಡರು. ಕಾವಲಿನ ಜವಾನ ಇವರನ್ನು ಯಾವುದೋ ತನಿಖಾಧಿಕಾರಿ ಎಂದುಕೊಂಡು ಸಲಾಮು ಹೊಡೆದ!

ಈ ಯುಗಾದಿಯ ಹಿಂದಿನ ದಿನ ಹೊಸ ವರದಿ ಬಂತು. ಸೋರಿಕೆ ನಿಂತಿತ್ತು! ಗೆದ್ದೆವು! ಮರುದಿನ ಹಬ್ಬದೂಟದಲ್ಲಿ ಭಾವ ಆ ವರದಿಯನ್ನು ತಲೆಯ ಮೇಲೆ ಹಿಡಿದು ಪಂಕ್ತಿಯುದ್ದಕ್ಕೂ ಮೆರವಣಿಗೆ ಮಾಡಿದರು. ಹಿಂದಿನ ವರ್ಷ ಎದ್ದುಹೋಗಿದ್ದ ಜಂಟಿ ಕಾರ್ಯದರ್ಶಿಗಳು ತಾವಾಗಿಯೇ ಒಂದು ಪಟ್ಟಿ ಕೇಳಿ ಪಡೆದರು.

ಕೊನೆಗೆ ಭಾವ ನನ್ನ ಪಕ್ಕ ಕೂತಾಗ ಅಕ್ಕ ಅವರ ಎಲೆಗೊಂದು ಹೋಳಿಗೆ ಬಡಿಸಿ, "ಇನ್ನಾದ್ರೂ ತಿನ್ನಿ" ಎಂದಳು. ನನಗೆ ಅರ್ಥವಾಗಲಿಲ್ಲ.

"ನಿನ್ನ ರಿಪೋರ್ಟ್ ಬಂದಾಗಿನಿಂದ ಇವರೂ ಸಿಹಿ ಮುಟ್ಟಿಲ್ಲ ಕಣೋ. ಕಾಫಿಗೂ ಸಕ್ಕರೆ ಇಲ್ಲ."

ಭಾವನಿಗೆ ಸಕ್ಕರೆ ಕಾಯಿಲೆ ಇಲ್ಲ. ಒಂದು ವರ್ಷ ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡದ್ದು ನೆನಪಾಗಿ ನಾಚಿಕೆಯೂ ಆಯಿತು, ಅಳುವೂ ಬಂತು. ಅವರು ತಲೆ ಎತ್ತಲಿಲ್ಲ. ಹೋಳಿಗೆಯಿಂದ ಉಗುರಿನಷ್ಟು ಚೂರು ಮುರಿದು ನನ್ನ ಎಲೆಗಿಟ್ಟು, ನಾನು ಬಾಯಿಗಿಡುವವರೆಗೂ ತಾವು ತಿನ್ನದೆ ಕಾದರು.