ಹುಳುಕು ದೋಣಿಗೆ ಹಲ್ಲಿನ ಡಾಕ್ಟರು

ಹಲ್ಲಿನ ಡಾಕ್ಟರು ಆ ದೋಣಿಯನ್ನು ಮೊದಲ ಸಲ ಕಂಡದ್ದು ಮರದ ಡಿಪೋದ ಹಿತ್ತಿಲಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ. ದೋಣಿ ಬೋರಲಾಗಿ ಬಿದ್ದಿತ್ತು. ಅದರ ಬೆನ್ನಿನ ಮೇಲೆ ಗೋಣಿಚೀಲಗಳು ಒಣಗುತ್ತಿದ್ದವು, ಹೊಟ್ಟೆಯ ಕೆಳಗೆ ಒಂದು ಕೋಳಿ ಮಕ್ಕಳೊಂದಿಗೆ ಸಂಸಾರ ಹೂಡಿತ್ತು. ಎಂದೋ ಹಸಿರು ಬಣ್ಣ ಬಳಿದಿದ್ದರು ಎನ್ನುವುದಕ್ಕೆ ಅಂಚಿನಲ್ಲಿ ಅಲ್ಲಲ್ಲಿ ಚಕ್ಕೆಗಳು ಉಳಿದಿದ್ದವು. ಹಲಗೆ ಹಲಗೆಯ ನಡುವೆ ಸಂದು. ಹುಳು ಕೊರೆದ ಜಾಗಗಳು ಕಪ್ಪಗೆ ಬಾಯಿ ಬಿಟ್ಟುಕೊಂಡಿದ್ದವು. ಬೇರೆ ಯಾರೇ ಆಗಿದ್ದರೂ ಇದು ಸೌದೆ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಡಾಕ್ಟರು ಬಗ್ಗಿದರು, ಕನ್ನಡಕ ಏರಿಸಿದರು, ಒಂದು ಹುಳುಕಿನೊಳಗೆ ಇಣುಕಿ ಮೃದುವಾಗಿ ಕೇಳಿದರು: "ನೋವು ಹೇಗಿದೆ ಈಗ?"

(ಕೇಳಿದ್ದು ದೋಣಿಯನ್ನಲ್ಲ, ಹಿಂದೆ ನಿಂತಿದ್ದ ಡಿಪೋ ಯಜಮಾನರನ್ನು. ಆದರೆ ಮುಖ ದೋಣಿಯ ಕಡೆಗಿದ್ದದ್ದರಿಂದ ಯಜಮಾನರಿಗೆ ತುಸು ಗಾಬರಿಯಾಯಿತು.)

ಯಜಮಾನರ ಕೆನ್ನೆ ಊದಿ ಬನ್ನಿನಂತಾಗಿತ್ತು. ಹಿಂದಿನ ದಿನ ಅವರು ದವಡೆ ಹಲ್ಲು ಕೀಳಿಸಲು ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಡಾಕ್ಟರು ಇಕ್ಕಳ ಎತ್ತಿದರು. ಇಕ್ಕಳ ನಡುಗಿತು. ಇಕ್ಕಳ ತಾನಾಗಿ ನಡುಗುವ ವಸ್ತುವಲ್ಲ. ಡಾಕ್ಟರು ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, "ಪಕ್ಕದ ರಸ್ತೆಯಲ್ಲಿ ಹೊಸಬರೊಬ್ಬರು ಬಂದಿದ್ದಾರೆ, ಅಲ್ಲಿಗೆ ಹೋಗಿ. ಒಳ್ಳೆ ಕೈ" ಎಂದರು. ಯಜಮಾನರು ಹೊರಟ ಮೇಲೆ ಕ್ಲಿನಿಕ್ಕಿನ ಬೋರ್ಡು ಕೆಳಗಿಳಿಯಿತು. ಊರಿಗೆಲ್ಲ ಹೇಳಿದ್ದು, "ಸಾಕಪ್ಪ, ಇನ್ನು ವಿಶ್ರಾಂತಿ" ಎಂದು. ಕೈಯ ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮರುದಿನ ಯಜಮಾನರ ಯೋಗಕ್ಷೇಮ ವಿಚಾರಿಸಲು ಬಂದವರಿಗೆ ಹೀಗೆ ದೋಣಿ ಎದುರಾಯಿತು.

"ತೇಲುತ್ತಾ ಇದು?"

"ಊಹೂಂ."

"ಮೊದಲು ತೇಲ್ತಿತ್ತಾ?"

"ಹೂಂ."

ಹಲ್ಲುನೋವಿರುವ ಮನುಷ್ಯ ಉದ್ದದ ಸುಳ್ಳು ಹೇಳಲಾರ. ಅಷ್ಟು ಪ್ರಾಮಾಣಿಕ ವ್ಯಾಪಾರ ಆ ಡಿಪೋದಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಡಾಕ್ಟರ ಹೆಂಡತಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. (ಒಂದೇ ಮನೆಯಲ್ಲಿ ಇಬ್ಬರದೂ ಡ್ರಿಲ್ಲು. ಅವರದು ಬಾಯಿಯೊಳಗೆ, ಇವರದು ಮೈದಾನದಲ್ಲಿ. ಹೆಚ್ಚು ಜನ ಹೆದರುತ್ತಿದ್ದದ್ದು ಯಾವುದಕ್ಕೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.) ಮಧ್ಯಾಹ್ನ ಊಟಕ್ಕೆ ಕೂತಾಗ ಡಾಕ್ಟರು ಸುದ್ದಿ ಬಿಟ್ಟರು.

"ಒಂದು ದೋಣಿ ತಗೋಳೋಣ ಅಂತ."

ಟೀಚರಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಯಾಕೆ? ಪ್ರವಾಹ ಬರತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರಾ?"

"ಹಳೇದು. ನಾನೇ ರಿಪೇರಿ ಮಾಡ್ತೀನಿ."

"ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿ ವರ್ಷ ಆಯ್ತು. ಅದನ್ನ ರಿಪೇರಿ ಮಾಡೋಕೆ ಬರಲ್ಲ, ದೋಣಿಗೆ ಬರತ್ತಾ?"

"ನಲ್ಲಿ ಕಬ್ಬಿಣ ಕಣೆ. ಇದು ಮರ. ಹುಳುಕು ಬಿದ್ದಿದೆ. ಹುಳುಕು ಅಂದ್ಮೇಲೆ ನನ್ನ ಕಸುಬು ತಾನೆ?"

ಟೀಚರಮ್ಮನ ಬಾಯಲ್ಲಿ ಇನ್ನೂ ಐದಾರು ಬಾಣಗಳು ಸಿದ್ಧವಾಗಿದ್ದವು. ಆದರೆ ಆ ಹೊತ್ತಿಗೆ ಡಾಕ್ಟರು ನೀರಿನ ಲೋಟ ಎತ್ತಿದರು, ಲೋಟ ತಟ್ಟೆಯ ಅಂಚಿಗೆ ತಗಲಿ ಕಿಣಿಕಿಣಿ ಎಂದಿತು. ಡಾಕ್ಟರು ಲೋಟ ಕೆಳಗಿಟ್ಟು, ತಲೆ ತಗ್ಗಿಸಿ ಹೇಳಿದರು: "ಬಾಯೊಳಗೆ ಕೈ ಹಾಕೋ ಹಾಗಿಲ್ಲ ಇನ್ನು, ಗೊತ್ತಾಯ್ತು. ಮರಕ್ಕೆ ನೋವಾಗಲ್ಲವಲ್ಲ. ಆ ದೋಣಿ ತೇಲಿಬಿಟ್ರೆ ಈ ಕೈಯಲ್ಲಿ ಇನ್ನೂ ಏನೋ ಉಳಿದಿದೆ ಅಂತ ಅಂದ್ಕೋತೀನಿ."

ಟೀಚರಮ್ಮ ಬಾಣಗಳನ್ನು ನುಂಗಿಕೊಂಡು, "ಸಾರು ಹಾಕ್ಲಾ?" ಎಂದರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ಇಂಥ ಶುಭಕಾರ್ಯ ಭಾವಮೈದನ ಕಿವಿಗೆ ಬೀಳದೆ ಇರಲು ಸಾಧ್ಯವೇ? ಟೀಚರಮ್ಮನ ತಮ್ಮ ವಿಮೆ ಏಜೆಂಟ್. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ ವಿಷಯ ಎರಡೇ: ಯಾವಾಗ ಬಾಯಿ ಮುಚ್ಚಬೇಕು, ಯಾವಾಗ ಮನೆಗೆ ಹೋಗಬೇಕು. "ಭಾವ, ಮೊದಲು ಕಂಡ ದೋಣೀನೇ ತಗೊಂಡುಬಿಡೋದಾ? ನಾಕು ಕಡೆ ನೋಡ್ಬೇಕು" ಎಂದು ಭಾನುವಾರ ಇಬ್ಬರನ್ನೂ ಹೊರಡಿಸಿಕೊಂಡು ಹೋದ.

ಮೊದಲು ತೋರಿಸಿದ್ದು ಫೈಬರ್ ದೋಣಿ. ನೀಲಿ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಡಾಕ್ಟರು ಜೇಬಿನಿಂದ ತಮ್ಮ ಪುಟ್ಟ ಕನ್ನಡಿ, ಕೊಕ್ಕೆಸೂಜಿ ಹೊರತೆಗೆದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಹಲ್ಲುಸೆಟ್ಟು ಇದು" ಎಂದರು ಬೇಸರದಿಂದ. "ಇದರಲ್ಲಿ ನಾನು ಮಾಡೋದಕ್ಕೆ ಏನಿದೆ?"

"ಏನೂ ಮಾಡೋ ಹಾಗಿಲ್ಲ ಅನ್ನೋದೇ ಇದರ ಗುಣ, ಭಾವ!"

"ಅದಕ್ಕೇ ಬೇಡ."

ಎರಡನೆಯದು ಮರದ್ದೇ. ಒಡೆಯ ಅದರ ವಂಶವೃಕ್ಷವನ್ನೇ ಹೇಳತೊಡಗಿದ. ಅವನ ಮಾತು ಮುಗಿಯುವ ಮೊದಲೇ ಡಾಕ್ಟರ ಸೂಜಿ ಹಲಗೆಯ ಈ ಕಡೆಯಿಂದ ಹೊಕ್ಕು ಆ ಕಡೆ ನಿಂತಿದ್ದ ಭಾವಮೈದನ ಪ್ಯಾಂಟಿಗೆ ಚುಚ್ಚಿತು. "ಬೇರು ಸಮೇತ ಕೊಳೆತಿದೆ" ಎಂದು ಡಾಕ್ಟರು ತೀರ್ಪು ಕೊಟ್ಟರು. "ಕೀಳೋದೇ."

ಕೊನೆಗೆ ಡಿಪೋ ಹಿತ್ತಿಲಿಗೇ ಬಂದರು. ಟೀಚರಮ್ಮ ದೋಣಿಯನ್ನು ಮೈದಾನದಲ್ಲಿ ತಡವಾಗಿ ಬಂದ ಹುಡುಗಿಯನ್ನು ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದರು. ಡಾಕ್ಟರು ಹಲಗೆಗಳನ್ನು ಒಂದೊಂದಾಗಿ ತಟ್ಟುತ್ತ, ಕಿವಿಗೊಡುತ್ತ ಹೋಗುತ್ತಿದ್ದರು. ತಟ್ಟುವಾಗ ಕೈ ನಡುಗಿದರೂ ದೋಣಿ ಮುಖ ತಿರುಗಿಸಲಿಲ್ಲ. ಅದನ್ನು ಕಂಡ ಟೀಚರಮ್ಮ ಡಿಪೋ ಯಜಮಾನರ ಕಡೆ ತಿರುಗಿ, "ಕೋಳಿ ಬಿಟ್ಟು ಬರೀ ದೋಣಿ ಕೊಡಿ" ಎಂದರು. ವ್ಯಾಪಾರ ಮುಗಿಯಿತು.

ಕಾರಿನ ಶೆಡ್ಡಿಗೆ ದೋಣಿ ಬಂತು, ಕಾರು ಬೀದಿಗೆ ಬಿತ್ತು. ಕ್ಲಿನಿಕ್ಕಿನ ದೊಡ್ಡ ದೀಪ ಶೆಡ್ಡಿನ ತೊಲೆಗೆ ಏರಿತು. ಆಮೇಲೆ ನಡೆದದ್ದು ರಿಪೇರಿಯಲ್ಲ, ದಂತಚಿಕಿತ್ಸಾ ಮಹಾಯಜ್ಞ. ಬಿಳಿ ಕೋಟು ತೊಟ್ಟು ಡಾಕ್ಟರು ಪ್ರತಿ ಹುಳುಕನ್ನೂ ಕೆರೆದರು, ಪ್ರತಿ ಸಂದನ್ನೂ ಗೀರಿದರು, ಹತ್ತಿಯುಂಡೆ ಒತ್ತಿ ಒರೆಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಒಣಗಿಸಿದರು. ಹಸಿ ಇದ್ದರೆ ಹಲ್ಲಿಗೆ ತುಂಬಿದ ಸಿಮೆಂಟು ನಿಲ್ಲುವುದಿಲ್ಲ ಎನ್ನುವುದು ಅವರು ಕಾಲೇಜಿನಲ್ಲಿ ಕಲಿತ ಮೊದಲ ಪಾಠ. ಬಿಸಿಗಾಳಿ ಊದಿದರು, ಟೇಬಲ್ ಫ್ಯಾನ್ ತಿರುಗಿಸಿದರು, ಕೊನೆಗೆ ಹೆಂಡತಿಯ ಕೂದಲು ಒಣಗಿಸುವ ಯಂತ್ರವೂ ಶೆಡ್ಡಿಗೆ ವರ್ಗವಾಯಿತು. ಒಣಗಿದಷ್ಟೂ ಸಂದುಗಳು ಅಗಲವಾದವು. ಅಗಲವಾದಷ್ಟೂ ಡಾಕ್ಟರಿಗೆ ಹುರುಪು. ಕಲ್ಲಿನಂತೆ ಗಟ್ಟಿಯಾಗುವ ಲಪ್ಪವನ್ನು ಕಲಸಿ, ಒತ್ತಿ ತುಂಬಿ, ನುಣ್ಣಗೆ ಉಜ್ಜಿದರು.

"ಸ್ವಲ್ಪ ಜುಮ್ ಅನ್ನತ್ತೆ, ಅಲುಗಾಡಬೇಡ" ಎಂದು ಡಾಕ್ಟರು ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

"ಯಾರ ಹತ್ರ ಅಕ್ಕಾ ಮಾತಾಡ್ತಿರೋದು ಭಾವ?" ಎಂದು ಭಾವಮೈದ ಪಿಸುಗುಟ್ಟಿದ.

"ಪೇಷೆಂಟ್ ಹತ್ರ. ನೀನು ಕಾಫಿ ಕುಡಿ."

ಒಂದು ಮಾತು ನಿಜ. ಆ ಶೆಡ್ಡಿನಲ್ಲಿ ಡಾಕ್ಟರ ಕೈ ನಡುಗುತ್ತಿದ್ದರೂ ಅವರಿಗೆ ಅದರ ನೆನಪಿರುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಲೋಟ ಕಿಣಿಗುಟ್ಟಿದರೆ, "ಮರದ ಪುಡಿ ಕಣೆ, ಕೈ ಜಾರತ್ತೆ" ಎನ್ನುತ್ತಿದ್ದರು. ಟೀಚರಮ್ಮ, "ಹೌದೌದು, ಪುಡಿ" ಎನ್ನುತ್ತಿದ್ದರು.

ಜಲಪ್ರವೇಶ ಮಹೋತ್ಸವ ಬಂತು. ಊರಾಚೆಯ ಕೆರೆಗೆ ಡಿಪೋ ಲಾರಿಯಲ್ಲಿ ದೋಣಿಯ ಸವಾರಿ. ಹಲ್ಲು ಹೋಗಿ ಮಾತು ಮರಳಿ ಬಂದಿದ್ದ ಡಿಪೋ ಯಜಮಾನರು, "ಡಾಕ್ಟ್ರೇ, ಇದು ನನ್ನ ದೋಣೀನೇ ಅಲ್ಲ ಬಿಡಿ, ಮದುಮಗಳ ಹಾಗಿದೆ" ಎಂದು ಕೊಂಡಾಡಿದರು. ಡಾಕ್ಟರು ಹುಟ್ಟು ಹಿಡಿದು ನಡುವೆ ಕೂತರು. ಭಾವಮೈದ ನೌಕಾ ಸೇನಾಧಿಪತಿಯಂತೆ ಮೂತಿಯಲ್ಲಿ ಕೂತ. ಟೀಚರಮ್ಮ ದಡದಲ್ಲಿ ನಿಂತು ಉಸಿರು ಬಿಗಿಹಿಡಿದರು.

ದೋಣಿ ತೇಲಿತು! ಡಾಕ್ಟರು ಹುಟ್ಟು ಹಾಕಿದರು. ಒಂದು ಎಳೆತ, ಮತ್ತೊಂದು ಎಳೆತ. ಅವರ ಮುಖ ಅರಳಿದ ಬಗೆಯನ್ನು ಟೀಚರಮ್ಮ ಬಹಳ ದಿನದಿಂದ ನೋಡಿರಲಿಲ್ಲ. ಅಷ್ಟರಲ್ಲಿ ಎಲ್ಲೋ "ಟಕ್" ಎಂದಿತು.

"ಏನು ಭಾವ ಅದು?"

"ಏನಿಲ್ಲ, ಕೂತ್ಕೊಳ್ತಾ ಇದೆ."

ಟಕ್. ಟಕ್ ಟಕ್.

"ಭಾವ, ನನ್ನ ಕಾಲು ಒದ್ದೆ ಆಗ್ತಿದೆ."

"ಮೊದಮೊದಲು ಸ್ವಲ್ಪ ಬೆವರತ್ತೆ ಕಣೋ."

"ಬೆವರು ಮಂಡಿಗೆ ಬಂತು ಭಾವ!"

ದೋಣಿಯಲ್ಲಿ ಜನ ಕೂತರೆ, ಹುಟ್ಟು ಎಳೆದರೆ ಹಲಗೆಗಳು ಬಾಗುತ್ತವೆ, ಬಳುಕುತ್ತವೆ. ಹಲ್ಲು ಬಳುಕುವುದಿಲ್ಲ. ಕಲ್ಲಿನಂಥ ಲಪ್ಪಕ್ಕೆ ಬಳುಕಲು ಬಾರದೆ ಬಿರುಕುಬಿಟ್ಟು, ಪಟ್ಟಿ ಪಟ್ಟಿಯಾಗಿ ಕಳಚಿ ಬಂತು. ಭಾವಮೈದ ನೀರಿಗೆ ಹಾರಿದ. (ನೀರು ಸೊಂಟದಷ್ಟೇ ಇತ್ತು. ಅವನ ಕೂಗು ಮಾತ್ರ ನಡುಗಡಲಿನದು.) ಡಾಕ್ಟರು ಹಾರಲಿಲ್ಲ. ಎರಡು ಕೈಯಲ್ಲಿ ಹುಟ್ಟು ಹಿಡಿದು ನೆಟ್ಟಗೆ ಕೂತೇ ಇದ್ದರು. ದೋಣಿ ಅವರನ್ನು ಕೂರಿಸಿಕೊಂಡೇ ಮರ್ಯಾದೆಯಿಂದ ಕೆಳಗಿಳಿದು ತಳ ಮುಟ್ಟಿತು. ನೀರು ಎದೆಗೆ ಬಂದು ನಿಂತಿತು. ಟೀಚರಮ್ಮ ಬೂಟುಗಾಲಿನಲ್ಲೇ ಇಳಿದುಹೋಗಿ ಅವರ ತೋಳು ಹಿಡಿದರು.

"ಕೈ ಹೋಯ್ತು ಕಣೆ" ಎಂದರು ಡಾಕ್ಟರು. ನಗುವ ಧ್ವನಿ ತರಲು ನೋಡಿದರು, ಬರಲಿಲ್ಲ.

"ಮೊದಲು ಒದ್ದೆ ಬಟ್ಟೆ ಬದಲಾಯಿಸಿ" ಎಂದರು ಟೀಚರಮ್ಮ.

ಆಮೇಲೆ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಮುಚ್ಚಿಕೊಂಡು ರೋಗಿಗಳ ಕುರ್ಚಿಯಲ್ಲಿ ತಾವೇ ಮಲಗಿ ಸೂರು ನೋಡತೊಡಗಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. "ಅದನ್ನ ಎತ್ತಿಸಿ ಸೌದೆ ಮಾಡಿಸ್ಲಾ ಭಾವ?" ಎಂದು ಕೇಳಿದ ಭಾವಮೈದನಿಗೆ ಅವನಕ್ಕ ಕೊಟ್ಟ ನೋಟಕ್ಕೆ ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಂಥದ್ದು ಅದೇ ಮೊದಲು.

ಟೀಚರಮ್ಮ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವವರು. ಕೆಳಗೆ ದಡದಂಚಿನಲ್ಲಿ ದೋಣಿ ಬಾಯಿತುಂಬ ನೀರು ತುಂಬಿಕೊಂಡು ಕೂತಿರುವುದು ಕಾಣುತ್ತಿತ್ತು. ಮೊದಲು ಮುಖ ತಿರುಗಿಸಿ ಹೋದರು. ಆಮೇಲೊಂದು ದಿನ, ಗುಡಿಸದ ಅಂಗಳ ನೋಡಿದಂತೆ ಕೈ ತುರಿಸಿ, ಬಕೆಟ್ ತಂದು ಇಳಿದೇಬಿಟ್ಟರು. ಡಿಪೋ ಯಜಮಾನರು ಎರಡು ಆಳು ಕಳಿಸಿ ದೋಣಿಯ ಅಂಚನ್ನು ನೀರಿನ ಮೇಲೆ ಎತ್ತಿಸಿಕೊಟ್ಟರು. ಟೀಚರಮ್ಮ ನೀರು ತೋಡಿದರು, ತೋಡಿದರು. ದೋಣಿ ಎದ್ದಿತು. ಹಗ್ಗ ಕಟ್ಟಿ ಬಂದರು. ಮರುದಿನ ಹೋಗಿ ನೋಡಿದರೆ ಇನ್ನೂ ತೇಲುತ್ತಿತ್ತು. ಅದರ ಮರುದಿನವೂ.

ಅವರು ನೇರ ಕ್ಲಿನಿಕ್ಕಿಗೆ ಬಂದು ಬಾಗಿಲು ತಳ್ಳಿದರು. "ಏಳಿ. ನಿಮ್ಮ ಪೇಷೆಂಟ್ ಎದ್ದು ಕೂತಿದೆ."

ಡಾಕ್ಟರು ಕೆರೆಗೆ ಬಂದರು, ಕನ್ನಡಕ ಏರಿಸಿದರು, ಹಲಗೆಗಳ ನಡುವೆ ಉಗುರು ಓಡಿಸಿದರು. ಉಗುರು ಹೊಗುವಷ್ಟೂ ಸಂದಿರಲಿಲ್ಲ. ಒಣ ಮರ ನೀರು ಕುಡಿದು ಉಬ್ಬಿ, ಹಲಗೆಗೆ ಹಲಗೆ ಬಿಗಿದು ಕೂತಿತ್ತು. ಅವರು ಅಷ್ಟು ಜೋಪಾನವಾಗಿ ತುಂಬಿದ್ದ ಲಪ್ಪವೆಲ್ಲ ತಳದಲ್ಲಿ ಬಿದ್ದಿತ್ತು.

"ಒಣಗಿಸಬಾರದಿತ್ತು" ಎಂದರು. "ಹಲ್ಲು ಒಣಗಿರಬೇಕು, ದೋಣಿ ನೆನೆದಿರಬೇಕು. ನಾನು ಏನೂ ಮಾಡದೆ ನೀರಿಗೆ ಹಾಕಿ ಮುಳುಗಿಸಿದ್ರೆ ಸಾಕಾಗಿತ್ತಲ್ಲೇ."

"ಮುಳುಗಿಸಿದ್ದು ನೀವೇ ತಾನೆ? ಸ್ವಲ್ಪ ಸುತ್ತಿ ಬಳಸಿ ಮುಳುಗಿಸಿದ್ರಿ, ಅಷ್ಟೇ."

ಡಾಕ್ಟರ ಮುಖದಲ್ಲಿ ನಗು ಬರುವುದೋ ಬೇಡವೋ ಎಂದು ಬಾಗಿಲಲ್ಲಿ ನಿಂತಿತು. "ಹಾಗಾದ್ರೆ ನನ್ನ ಕೈ ಮಾಡಿದ್ದು ಏನೂ ಇಲ್ಲ."

"ಇದೆ ನೋಡಿ, ಒಂದು" ಎಂದು ಟೀಚರಮ್ಮ ನಡುಹಲಗೆ ತೋರಿಸಿದರು. ಅಲ್ಲಿ ಒಂದು ಹುಳುಕಿಗೆ ಹಾಕಿದ ಲಪ್ಪ ಮಾತ್ರ ಅಲುಗದೆ ನಿಂತಿತ್ತು. ಡಾಕ್ಟರು ಹೆಮ್ಮೆಯಿಂದ ಅದರ ಮೇಲೆ ಬೆರಳಿಟ್ಟರು. ಬೆರಳು ಒದ್ದೆಯಾಯಿತು. ಇಡೀ ದೋಣಿಯಲ್ಲಿ ಸೋರುತ್ತಿದ್ದದ್ದು ಅದೊಂದೇ ಜಾಗ.

ಸುದ್ದಿ ಕೇಳಿ ಕೆರೆಗೆ ಬಂದಿದ್ದ ಡಿಪೋ ಯಜಮಾನರು ಬಗ್ಗಿ ನೋಡಿ, "ಇಷ್ಟೇ ತಾನೆ? ನಮ್ಮ ಬಡಗಿಗೆ ಹೇಳ್ತೀನಿ, ಅದನ್ನ ಕಿತ್ತು ಒಂದು ತುಂಡು ಕೂರಿಸಿಬಿಡ್ತಾನೆ" ಎಂದರು.

"ಬೇಡ, ಇರಲಿ ಬಿಡಿ" ಎಂದು ಟೀಚರಮ್ಮ ಅವಸರದಲ್ಲಿ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ದೋಣಿ ಹತ್ತಿದರು. ನಡುವಿನ ಹಲಗೆಯ ಮೇಲೆ ಕೂತು ಎರಡೂ ಹುಟ್ಟು ಎಳೆದುಕೊಂಡರು.

"ಏ, ಅದು ನನ್ನ ಜಾಗ! ದೋಣಿ ನನ್ನದು!"

"ದೋಣಿ ನಿಮ್ಮದೇ. ಆ ನೀರೂ ನಿಮ್ಮದೇ, ತೋಡಿ" ಎಂದು ಅವರ ಕೈಗೊಂದು ಲೋಟ ಕೊಟ್ಟರು.

ಡಾಕ್ಟರು ತೋಡಿದರು. ಲೋಟ ನಡುಗಿತು, ನೀರು ಅತ್ತ ಇತ್ತ ಚೆಲ್ಲಿತು. ಚೆಲ್ಲಿದ್ದೆಲ್ಲ ಕೆರೆಗೇ ಬಿತ್ತು. ಚೆಲ್ಲುವುದೇ ಕೆಲಸವಾದ ಮೇಲೆ ನಡುಗುವ ಕೈಯಲ್ಲಿ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಾಗಲಿಲ್ಲ.

"ಬೇಗ ಬೇಗ! ಒಂದ್, ಎರಡ್! ಒಂದ್, ಎರಡ್!" ಎಂದು ಟೀಚರಮ್ಮ ಮೈದಾನದ ಕಂಠದಲ್ಲಿ ಕೂಗಿದರು. ದೋಣಿ ದಡ ಬಿಟ್ಟಿತು.

ಈಗ ಬೆಳಿಗ್ಗೆ ಹೊತ್ತು ಟೀಚರಮ್ಮ ದೋಣಿ ನಡೆಸುತ್ತಾರೆ. ಡಾಕ್ಟರು ನೀರು ತೋಡುತ್ತಾರೆ.